ಏಳನೆಯ ನೆಗೆಟಿವ್

ಅರಸೀಕೆರೆ ಸ್ಟೇಷನ್ನಿನ ಎದುರು
ಈಗ ಮೊಬೈಲ್ ರಿಪೇರಿ ಅಂಗಡಿ ಇರುವಲ್ಲಿ
ಅಪ್ಪನ ಸ್ಟುಡಿಯೊ ಇತ್ತು.
ಗಂಡಿನ ಮನೆಗೆ ಕಳಿಸುವ ಹುಡುಗಿಯರ ಸಿಡುಬಿನ ಕಲೆ
ಚೂಪು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ತಿದ್ದಿ ತಿದ್ದಿ
ಅವರ ಬಲಗಣ್ಣು ಎಡಗಣ್ಣಿಗಿಂತ ಮೊದಲು ಮುದಿಯಾಯಿತು.
'ಸುಳ್ಳಲ್ಲ ಕಣೋ, ಮರ್ಯಾದೆ' ಅನ್ನುತ್ತಿದ್ದರು.

ಮೊಗಣ್ಣ ಜಾವಾದಿಂದ ಬಂದದ್ದು
ನಾನು ಹುಟ್ಟುವ ನಾಲ್ಕು ವರ್ಷ ಮುಂಚೆ.
ಬ್ರಿಟಿಷರ ಪಲ್ಟಣದಲ್ಲಿ ಲಾರಿ ಹೊಡೆಯುತ್ತಿದ್ದ.
ಜಪಾನಿನವರು ಸೋತ ಮೇಲೂ ಅಲ್ಲೇನಪ್ಪ ಕೆಲಸ ಅಂದರೆ
'ಕಾವಲು' ಅಂದನಂತೆ.
ಯಾರ ಮನೆಯ ಕಾವಲು, ಯಾರು ಕರೆದಿದ್ದರು
ಅಪ್ಪ ಕೇಳಲಿಲ್ಲ.
ರೀಲು ತೊಳೆಯುವುದಕ್ಕೆ ಎಂಟಾಣೆ ಕೇಳಿದರು.

ಕೆಂಪು ದೀಪದಡಿ, ತಟ್ಟೆಯ ನೀರಿನಿಂದ
ಮೊದಲು ಎದ್ದದ್ದು ತೆಂಗಿನ ಮರಗಳು.
'ಇದೇನು ಮೊಗಣ್ಣ, ಬೆಂಡೇಕೆರೆಯಾ?'
ಬಾಗಿಲಾಚೆಯಿಂದ ಉತ್ತರ ಬರಲಿಲ್ಲ.

ಒಟ್ಟು ಎಂಟು ಚಿತ್ರ.
ಸಾಲು ಗುಡಿಸಲು.
ಅದೇ ಸಾಲು, ಹೊಗೆ.
ಒಂದು ಒರಳು, ಸುತ್ತ ಮನೆಯಿಲ್ಲ.
ಬಾವಿಕಟ್ಟೆಯ ಹತ್ತಿರ ನಾಲ್ವರು ಸಿಪಾಯಿಗಳು, ನಮ್ಮವರು,
ಒಬ್ಬ ನಗುತ್ತಿದ್ದಾನೆ
ಮೂವರು ಮೂಗಿಗೆ ಕರವಸ್ತ್ರ ಹಿಡಿದಿದ್ದಾರೆ.
ಬಾವಿಯೊಳಗೇನು, ಚಿತ್ರ ಹೇಳುವುದಿಲ್ಲ.
ಐದು, ಆರು ಬೆಳಕು ಬಿದ್ದು ಕೆಟ್ಟಿವೆ.
ಏಳನೆಯದರಲ್ಲಿ ಬಿದಿರು ಬೇಲಿಗೆ ಒರಗಿಸಿ ಕೂರಿಸಿದ ಹನ್ನೊಂದು ಜನ,
ಕೈ ಹಿಂದಕ್ಕೆ.
ಎಂಟನೆಯದರಲ್ಲಿ ಬೇಲಿ.

ಏಳನೆಯದರ ನೆಲದ ಮೇಲೆ, ಇಳಿಬಿಸಿಲಿಗೆ ಉದ್ದವಾಗಿ
ಟೋಪಿಯಿಟ್ಟ ಒಂದು ನೆರಳು;
ಎರಡೂ ಮೊಣಕೈ ಹೊರಕ್ಕೆ, ಕ್ಯಾಮೆರಾ ಹಿಡಿದವನದು.
ಕೂತವರಲ್ಲಿ ಚಿಕ್ಕವನ ಮಂಡಿಯ ತನಕ ಬಂದು ಮುಟ್ಟಿದೆ.

'ಅದೊಂದ ತೆಗ್ದುಬುಡಿ ಸಾಮಿ' ಅಂದ ಮೊಗಣ್ಣ.
ಅಪ್ಪ ತೆಗೆದರು.
ಪ್ರಿಂಟನ್ನು ಬ್ಲೇಡಿನಲ್ಲಿ ಹಗುರ ಕೆರೆದು
ಅಲ್ಲಿ ಹುಲ್ಲು ಬರೆದರು, ಒಂದೊಂದೇ ಎಸಳು.
ಸಿಡುಬನ್ನೆಲ್ಲ ನೆಗೆಟಿವ್‌ನಲ್ಲೇ ತಿದ್ದುತ್ತಿದ್ದವರು
ಈ ನೆಗೆಟಿವ್ ಮಾತ್ರ ಮುಟ್ಟಲಿಲ್ಲ.
ಯಾಕೆಂದು ನನಗೂ ಹೇಳಲಿಲ್ಲ.
ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳಕ್ಕೆ ಮೇಣ ಹಾಕಿದರು.

ಆಮೇಲೆ ಮೊಗಣ್ಣ ಕೊಬ್ಬರಿ ಲಾರಿ ಹೊಡೆದ.
ರಜೆಯಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಪಟೂರಿನ ತನಕ.
ಕಡ್ಲೆಪುರಿ ಕೊಡಿಸುವನು, ತಲೆ ಸವರುವನು.
ದಾರಿಯಲ್ಲಿ ಎಲ್ಲಾದರೂ ಮಟ್ಟೆ ಸುಡುವ ವಾಸನೆ ಬಂದರೆ
ಹಾರನ್ನು ಒತ್ತಿ ಹಿಡಿಯುವನು,
ಎದುರು ಯಾರೂ ಇಲ್ಲದಿದ್ದರೂ,
ವಾಸನೆ ಮುಗಿಯುವ ತನಕ.

ಮೊನ್ನೆ ಸುಲಾಸ್ತ್ರಿ ಬಂದಳು, ಜಾವಾದವಳು,
ಮಾತು ತಿರುಗಿಸಲು ಹಾಸನದ ಕಾಲೇಜು ಹುಡುಗನೊಬ್ಬ.
ಸ್ಟುಡಿಯೊದ ಮೇಲಿನ ಕೋಣೆ ಇನ್ನೂ ನಮ್ಮದು.
ಮೇಣ ಒಡೆದು, ಒಂದೊಂದನ್ನೇ ಕಿಟಕಿಗೆ ಹಿಡಿದೆ.
ಆಕಾಶ ಕಪ್ಪು. ಹೊಗೆ ಮಲ್ಲಿಗೆ.
ಬಾವಿಯ ಬಳಿಯ ನಾಲ್ವರ ಮುಖ ಹಾಲಿನ ಬಿಳುಪು.
ಇದೆಲ್ಲ ಬಿಳಿಯರು ಮಾಡಿಸಿದ್ದು ತಾಯಿ
ಎಂದು ಹೇಳಬೇಕೆಂದು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ.
ಕಿಟಕಿಯ ಬೆಳಕಿನಲ್ಲಿ
ಬಿಳಿಯರೆಂದರೆ ನಾವೇ.

ಏಳನೆಯದರಲ್ಲಿ ಆ ನೆರಳು ಮಾತ್ರ
ಏನೂ ಹಿಡಿಯದ ಗಾಜಿನಷ್ಟು ತಿಳಿ.
ಅದರೊಳಗಿಂದ ನಮ್ಮ ಸ್ಟೇಷನ್ನು ಕಾಣುತ್ತಿತ್ತು,
ಎರಡನೇ ಪ್ಲಾಟ್‌ಫಾರಂ, ಇಡ್ಲಿ ಮಾರುವವನು.

ಅವಳು ಚೀಟಿ ತೆಗೆದು ಹನ್ನೊಂದು ಹೆಸರು ಓದಿದಳು.
ನಾನು ಒಂದೊಂದನ್ನೂ ತಪ್ಪು ಹೇಳಿದೆ.
ಅವಳು ತಿದ್ದಿದಳು, ಬೇಸರವಿಲ್ಲದೆ,
ಕೊನೆಯ ಚಿಕ್ಕವನ ಹೆಸರನ್ನು ಮೂರು ಸಲ.
ಆಮೇಲೆ ನೆರಳಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು.

ಕೆಳಗಿನ ಮೊಬೈಲ್ ಅಂಗಡಿ ಮೊಗಣ್ಣನ ಮೊಮ್ಮಗನದು.
ಬಾಡಿಗೆ ಒಂದು ತಿಂಗಳೂ ತಪ್ಪಿಸಿದವನಲ್ಲ.
ಈಗ ತಾನೇ ಮೂರು ಲೋಟ ಟೀ ಕಳಿಸಿದ್ದ.

'ಮೊಗಣ್ಣ' ಅಂದೆ.
'ಮೊಗನ' ಎಂದು ಬರೆದುಕೊಂಡಳು.
ಹಾಗಲ್ಲ ತಾಯಿ, ನಾಲಿಗೆ ಮಡಿಸಬೇಕು,
ಣಕಾರಕ್ಕೆ ಒತ್ತಿದೆ.
ಪೆನ್ಸಿಲ್ ಇಸಿದುಕೊಂಡು
ತಿದ್ದಿಕೊಟ್ಟೆ.