ಹಳದಿ ಪಟ್ಟೆ

ನೆಬ್ರಾಸ್ಕದ ಮೆಕ್ಕೆಜೋಳದ ಹೊಲದ ಅಂಚಿಗೆ ಒಂದು ಕಂಬ.
ತಂತಿಯಿಲ್ಲ. ತಂತಿ ಹೊತ್ತ ಮೊಳೆಗಳ ಗಾಯ ಇದೆ.
ಆಳೆತ್ತರದಲ್ಲಿ, ನಡುಪಟ್ಟಿ ಬಿಗಿದ ಹಾಗೆ,
ಗೇಣಗಲದ ಹಳದಿ.

ಆಗ ದಾರಿಗೆ ಅಂಕಿಯಿರಲಿಲ್ಲ, ಬಣ್ಣವಿತ್ತು.
ನೀಲಿ ಹಿಡಿದು ಹೊರಟವರು ಡೆನ್ವರ್ ಸೇರುತ್ತಿದ್ದರು,
ಕೆಂಪು-ಬಿಳಿ ಹಿಡಿದವರು, ಪುಣ್ಯವಿದ್ದರೆ, ಸಮುದ್ರದ ತನಕ.
ನಕ್ಷೆಯನ್ನು ಯಾರೂ ನಂಬುತ್ತಿರಲಿಲ್ಲ.
ಮೊಣಕಾಲುದ್ದ ಕೆಸರಲ್ಲಿ ಕಾರು ದೂಡುತ್ತ,
ಕನ್ನಡಕದ ಧೂಳು ಒರೆಸಿಕೊಳ್ಳುತ್ತ
ಮುಂದಿನ ಕಂಬ ಹುಡುಕುತ್ತಿದ್ದರು:
ಇದೆಯಾ? ಇದೆ.
ಹಾಗಾದರೆ ಇನ್ನೊಂದು ಹೆಜ್ಜೆ.

ಹಳದಿ ಪಟ್ಟೆಯ ಸಂಘದವರು ಓರ್ಲಿಕ್ ಊರಿಗೆ ಬಂದು
ಐವತ್ತು ಡಾಲರ್ ಕೇಳಿದರು.
ಊರಲ್ಲಿ ಇದ್ದದ್ದು ಒಂದು ಇಗರ್ಜಿ, ಒಂದು ಹಿಟ್ಟಿನ ಗಿರಣಿ,
ಬೊಹೀಮಿಯಾದಿಂದ ಹಡಗು ಹತ್ತಿ ಬಂದವರ ಹದಿನೇಳು ಮನೆ,
ಕೆಮ್ಮಿನ ಔಷಧಿಯ ಬಾಟಲಿಗಳ ಪಕ್ಕ
ಎರಡೇ ಡಬ್ಬಿ ಪೆಟ್ರೋಲು ಇಟ್ಟುಕೊಂಡು
ಬಾಗಿಲು ನೋಡುತ್ತ ಕೂತ ಅಂಗಡಿಯ ಮಾತೇಯ್ ಸ್ಟ್ರನಾಡ್.
ಐವತ್ತು ಡಾಲರ್ ಇರಲಿಲ್ಲ.
ಹಳದಿ, ಕವಲಿನಲ್ಲಿ ಮುಖ ತಿರುವಿ, ಬಡಗಣಕ್ಕೆ ಹೋಯಿತು.

ಶಾಲೆಯ ಟೀಚರು ಬೊಜೆನಾ ಹ್ರುಸ್ಕಾ
ಭಾಗಾಕಾರವನ್ನು ಅರ್ಧಕ್ಕೆ ಬಿಟ್ಟು
ಕಿಟಕಿಯಿಂದ ಖಾಲಿ ರಸ್ತೆ ನೋಡಿದಳು.
"ಬಣ್ಣವೇನು ಅವರಪ್ಪನ ಮನೆಯ ಗಂಟೇ?" ಅಂದಳು.
ಚೆಕ್ ಭಾಷೆಯಲ್ಲಿ ಇದು ಇನ್ನೂ ಚೂಪಂತೆ.

ಶನಿವಾರ ರಾತ್ರಿ. ಆರು ಹುಡುಗಿಯರು, ಒಂದು ಲಾಟೀನು.
ಹುಳಿ ಮಜ್ಜಿಗೆ, ಸುಣ್ಣ, ಅಗಸೆ ಎಣ್ಣೆ,
ಹಳ್ಳದ ದಂಡೆಯಲ್ಲಿ ತೋಡಿ ಜರಡಿ ಹಿಡಿದ ಹಳದಿ ಮಣ್ಣು.
ಅಳತೆಗೆ, ಬೆರಳ ಗಂಟಿನ ಮೇಲೆ ಬೀಳುತ್ತಿದ್ದ ಅದೇ ಸ್ಕೇಲು.
ಕವಲಿನಿಂದ ಊರು ದಾಟಿ ಎಂಬತ್ತೊಂದು ಕಂಬ.
ಎಂಬತ್ತೆರಡನೆಯದು ಹೊಳೆಯ ಆಚೆ ದಡದಲ್ಲಿತ್ತು.
ಸೇತುವೆ ಇರಲಿಲ್ಲ.
ಆ ಮಾತನ್ನು ಯಾರೂ ಎತ್ತಲಿಲ್ಲ.

ಬಂದವು ಕಾರುಗಳು!
ಒಹಾಯೊದ ಹಲ್ಲಿನ ಡಾಕ್ಟರು, ಹೆಂಡತಿ, ಪಂಜರದಲ್ಲಿ ಗಿಣಿ.
ಹೊಲಿಗೆ ಯಂತ್ರ ಮಾರುವ ಒಬ್ಬ.
ಟೈರು ಹರಿದು ಚಕ್ರಕ್ಕೆ ಹಗ್ಗ ಸುತ್ತಿಕೊಂಡಿದ್ದ ಹುಡುಗ.
ಹೊಳೆ ತನಕ ಹೋದರು, ನಿಂತರು, ನೀರನ್ನು ಬೈದರು,
ತಿರುಗಿ ಬಂದು ಗಸಗಸೆ ತುಂಬಿದ ಕೊಲಾಚೆ ತಿಂದರು.
ಮಾತೇಯ್‌ನ ಎರಡು ಡಬ್ಬಿ ಇಪ್ಪತ್ತಾಯಿತು.
ಗಿಣಿ ನಾಲ್ಕು ದಿನದಲ್ಲಿ ಒಂದು ಚೆಕ್ ಬೈಗುಳ ಕಲಿತು
ಪಡುವಣಕ್ಕೆ ಹೊರಟುಹೋಯಿತು.

ಸೆಪ್ಟೆಂಬರಿನಲ್ಲಿ ಸಂಘದ ತನಿಖೆಗೆ ಎಲ್ಬರ್ಟ್ ಪಿಂಕ್ನಿ ಬಂದ,
ಚಾಕುವಿನಿಂದ ಪಟ್ಟೆ ಕೆರೆದ, ಮೂಸಿದ,
"ಹುಳಿ ವಾಸನೆ" ಎಂದು ಪುಸ್ತಕದಲ್ಲಿ ಬರೆದುಕೊಂಡ.
ಬೊಜೆನಾ ತರಗತಿಯ ಬಾಗಿಲಲ್ಲಿ ನಿಂತಿದ್ದಳು.
ಉಗುರಿನ ಸಂದಿಯಲ್ಲಿ ಇನ್ನೂ ಹಳದಿ.
ಅವನು ಉಗುರು ನೋಡಿದ. ಏನೂ ಕೇಳಲಿಲ್ಲ.
ಎಂಬತ್ತೊಂದಕ್ಕೂ ಬೂದು ಬಣ್ಣ ಬಳಿಸಿ,
ಒಂದು ಡಜನ್ ಕೊಲಾಚೆ ಕಟ್ಟಿಸಿಕೊಂಡು,
ದುಡ್ಡು ಕೊಟ್ಟು, ಹೋದ.

ಸಂಘದ ಬಣ್ಣ ಅಗ್ಗದ್ದು.
ಹತ್ತು ಚಳಿಗಾಲಕ್ಕೆ ಸಿಪ್ಪೆ ಎದ್ದಿತು, ಉದುರಿತು.
ಅಷ್ಟರಲ್ಲಿ ಸರಕಾರ ದಾರಿಗಳಿಗೆಲ್ಲ ಅಂಕಿ ಕೊಟ್ಟಿತ್ತು,
ಬಣ್ಣದವರು ಬ್ರಷ್ ತೊಳೆದಿಟ್ಟಿದ್ದರು.
ಮಜ್ಜಿಗೆಯ ಹಳದಿ ಮತ್ತೆ ಬಿಸಿಲಿಗೆ ಬಂದು
ಯಾರೂ ಬಾರದ ರಸ್ತೆಯಲ್ಲಿ ದಾರಿ ತೋರಿಸುತ್ತ ನಿಂತಿತು.
ಗಿರಣಿ ಮುಚ್ಚಿತು. ಇಗರ್ಜಿಯ ಗಂಟೆಯನ್ನು ಪಕ್ಕದೂರು ಕೊಂಡಿತು.
ಓರ್ಲಿಕ್ ಇದ್ದಲ್ಲಿ ಈಗ ಒಂದು ವರ್ಷ ಜೋಳ, ಒಂದು ವರ್ಷ ಸೋಯಾ.

ನಾನು ಈ ಜಿಲ್ಲೆಯ ಹಳೆಯ ಗುರುತುಗಳ ಪಟ್ಟಿ ಬರೆಯುವವಳು.
ನಮೂನೆಯಲ್ಲಿ ಒಂದು ಕಾಲಂ: ಅಸಲಿಯೋ, ನಕಲಿಯೋ?
ಹೆಬ್ಬೆರಳಿಂದ ಉಜ್ಜಿ ನೋಡಿದೆ. ಪುಡಿ ಬರಲಿಲ್ಲ.
ಮೂಸಿಯೂ ನೋಡಿದೆ, ಯಾರೂ ಇರಲಿಲ್ಲವಲ್ಲ.
ಕಾಲಂ ಖಾಲಿ ಬಿಟ್ಟು
ಮುಂದಿನ ಕಂಬಕ್ಕೆಂದು ಹೆಜ್ಜೆ ಹಾಕಿದೆ.
ಕಂಬವಿರಲಿಲ್ಲ. ಕುಳಿಯಿತ್ತು, ಕುಳಿಯಲ್ಲಿ ನಿನ್ನೆಯ ಮಳೆ.
ಅದನ್ನೂ ಎಣಿಸಿದೆ.