ಎಡಮೂಲೆ

ಆ ಸಿನಿಮಾದಲ್ಲಿ ಅವನು ಹಾರುತ್ತಾನಲ್ಲ
ಬೈತಖೋಲದ ಬಂಡೆಗಳ ಮೇಲೆ, ಕೈ ಚಾಚಿ,
ಮೇಲಕ್ಕೆ ಎಳೆದದ್ದು ರಂಪಣಿಯ ಹದಿನೆಂಟು ಜನ.
ದಿನಕ್ಕೆ ಏಳು ರೂಪಾಯಿ, ಮೇಲೊಂದು ಚಾ.
"ಎಂಥ ವಜ್ಜೆ ಮೀನು ಮಾರಾಯ,
ಮಾರಿದರೆ ಮೂರು ಕಾಸಿಲ್ಲ"
ಅಂದನಂತೆ ದಾಕು ಹರಿಕಂತ್ರ.
ಹಗ್ಗ ಸಡಿಲಿ ಒಮ್ಮೆ ವೀರ
ಒಣಮೀನಿನ ರಾಶಿಯ ಮೇಲೇ ಇಳಿದ.

ಕೆಂಪು ಮೇಲಂಗಿ ನಮ್ಮತ್ತೆಯ ಲಂಗ.
ಗಾಳಿಗೆ ಮಗುಚಿದಾಗ
ಲಾಡಿ ಪೋಣಿಸುವ ಪಟ್ಟಿ ಕಾಣುತ್ತದೆ,
ಗೊತ್ತಿದ್ದವರಿಗೆ.

ಕಾರವಾರದ ಟಾಕೀಸಿನಲ್ಲಿ ಮೂರು ವಾರ
ಎಲ್ಲರೂ ಮುಗಿಲು ನೋಡಿ ಶಿಳ್ಳೆ ಹೊಡೆದರು.
ಆಯಿ ಮಾತ್ರ
ತೆರೆಯ ಎಡಮೂಲೆಯನ್ನೇ ಕಾಯುತ್ತಿದ್ದಳು:
ಕಣ್ಣು ಪಿಳುಕಿಸಿದರೆ ತಪ್ಪುವಷ್ಟು ಹೊತ್ತು
ಹಗ್ಗದ ತುದಿ,
ಹಿಡಿದ ನಾಲ್ಕು ಬೆರಳಿನ ಕೈ.

ಕತ್ತರಿಸಲು ಯಾರೋ ಮರೆತದ್ದು.
ಅಪ್ಪನದು
ಬೇರೆ ಫೋಟೋ ಇಲ್ಲ ನಮ್ಮಲ್ಲಿ.