ಬಾಡಿಗೆ ನಾಲಿಗೆ

ಅಕ್ಟೋಬರಿನ ಮದುವೆಯೊಂದರಲ್ಲಿ ನಮ್ಮ ಚಿಪ್ಪು ತಿಂದು
ಹದಿನೇಳು ಜನ ಆಸ್ಪತ್ರೆ ಸೇರಿದರು. ಮದುಮಗನೂ.
ಗಡಿಗೆಯ ಬಾಯಿಗಾದರೆ ಮುಚ್ಚಳವಿದೆ,
ಊರ ಬಾಯಿಗೆ? ಅದಕ್ಕೇ ಸಭೆ ಕರೆದೆವು,
ಅರೋಸಾ ಕೊಲ್ಲಿಯ ದಂಡೆಯಲ್ಲಿ, ಹಗ್ಗದ ಗೋದಾಮಿನ ಅಟ್ಟದ ಮೇಲೆ,
ಚಿಪ್ಪು ಬೆಳೆಯುವವರ ಸಹಕಾರ ಸಂಘದ ಏಳು ಜನ.
ನಾನು ಖಜಾಂಚಿ. ನಡಾವಳಿ ಬರೆಯುವುದೂ ನಾನೇ.

ಮೊದಲು ಮ್ಯಾಡ್ರಿಡ್‌ನವರು, ಮೂವರು.
ಗೋಡೆಯ ಮೇಲೆ ಕಡಲು ತೋರಿಸಿದರು. ನಮ್ಮದಲ್ಲ,
ಇನ್ನೂ ನೀಲಿಯಾದದ್ದು.
'ವಿಷ' ಎನ್ನಬೇಡಿ, 'ಋತುಮಾನದ ಏರುಪೇರು' ಎನ್ನಿ.
ತಿಂಗಳಿಗೆ ನಾಲ್ಕು ಸಾವಿರ ಯೂರೋ, ತೆರಿಗೆ ಬೇರೆ.
ಬೆಣ್ಣೆಯೊಳಗಿನ ಕೂದಲೆಳೆದಂತೆ ಮಾತು.
ಮುದುಕ ಅಮಾರೊ ಕೂಡ ತಲೆದೂಗಿದ,
ಕಿವಿಯ ಯಂತ್ರ ಮನೆಯಲ್ಲೇ ಮರೆತು ಬಂದವನು.

ಆಮೇಲೆ ಕೊರೂನ್ಯದ ಹುಡುಗ, ಬ್ರಾಯ್ಸ್.
ಸಂಪಾದಕರೆಲ್ಲ ತನ್ನ ಜೇಬಿನಲ್ಲಿ ಎಂದ.
ಅದೇ ಜೇಬಿನಿಂದ ಕರವಸ್ತ್ರ ತೆಗೆದು
ಬೆವರೊರೆಸಿಕೊಂಡ.

ಕೊನೆಗೆ ಆಲ್ದಾರಾ. ಬಸ್ಸು ತಪ್ಪಿ, ನೆನೆದು, ತಡವಾಗಿ.
ಪರದೆ ಬೇಡ ಎಂದಳು. ಆರಿದ ಕಾಫಿ ಕೊಟ್ಟೆವು, ಕುಡಿದಳು.
"ಮೊದಲು ಗೊತ್ತಾದದ್ದು ಯಾರಿಗೆ?"
ನೆಲದ ಹಲಗೆಯ ಕೆಳಗೆ ನೀರು
ಕಂಬಕ್ಕೆ ಬಡಿಯುವುದು ಕೇಳಿಸಿತು.
"ಅವರೇ ಮಾತಾಡಲಿ. ಆ ಹದಿನೇಳು ಮನೆಗೂ ಹೋಗಲಿ.
ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಅಷ್ಟೇ.
ನಾಲಿಗೆ ಬಾಡಿಗೆಗೆ ಸಿಗುತ್ತದೆ, ಕೊಳ್ಳಬೇಡಿ."
ನಿಮ್ಮ ಶುಲ್ಕ? ಎಂದ ಅಧ್ಯಕ್ಷ.
"ಸದ್ಯ ಬಸ್ಸಿನ ಖರ್ಚು ಕೊಡಿ."

ಶುಕ್ರವಾರ ಸಂಜೆ, ಆರು ಗಂಟೆ ಹತ್ತು ನಿಮಿಷ.
ಪ್ರಯೋಗಾಲಯದ ನಂಬರು.
ಹೊರಗೆ ಲಾರಿಯ ಹಿಂಬಾಗಿಲು ಹಾಕುತ್ತಿದ್ದರು.
ಫೋನು ಮಗುಚಿ ಇಟ್ಟೆ,
ಸೋಮವಾರ ನೋಡಿದರಾಯಿತು ಎಂದು.
ಏಳು ಜನರಲ್ಲಿ ಇದು ಗೊತ್ತಿರುವುದು ಒಬ್ಬಳಿಗೆ.

ಅವಳು ಹೋದಳು. ಕೂತಿದ್ದ ಕುರ್ಚಿ ಒದ್ದೆಯಾಗಿತ್ತು,
ಯಾರೂ ಒರೆಸಲಿಲ್ಲ.
ಕೈ ಎತ್ತಿಸಿದರು. ಮ್ಯಾಡ್ರಿಡ್‌ಗೆ ಏಳಕ್ಕೆ ಏಳು.
ನನ್ನ ಕೈಯನ್ನೂ ನಾನೇ ಎಣಿಸಿದೆ.
ಬರೆದೆ: 'ಮೂರನೆಯವರು ಒಂದು ಪ್ರಶ್ನೆ ಕೇಳಿದರು.'
ಯಾವ ಪ್ರಶ್ನೆ ಎಂದು ಬರೆಯಲಿಲ್ಲ.

ಇವತ್ತು ಅವರ ಮೊದಲ ಹೇಳಿಕೆ ಬಂದಿದೆ, ಕರಡು.
'ಸಂಘಕ್ಕೆ ಯಾವ ಮುನ್ಸೂಚನೆಯೂ ಇರಲಿಲ್ಲ.'
ಕಾಗುಣಿತ ನೋಡಿಕೊಡಿ ಎಂದಿದ್ದಾರೆ ನನಗೆ.
ಎರಡನೆಯ ಸಾಲಿನಲ್ಲಿ
ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು.
ಹಾಕಿದೆ.